ಖಾಲಿ ಗುಡಿ ನೋಡೋಕೆ ಅರ್ಧ ದಿನ ಸಾಲದು

ಸಂಪಾದಕರಿಗೆ ನಮಸ್ಕಾರ.

ಪ್ರವಾಸ ಪುಟದಲ್ಲಿ ಬ್ಯಾಂಕಾಕ್, ಸಿಂಗಾಪುರ, ಬಾಲಿ ಓದಿ ಓದಿ ಸಾಕಾಗಿದೆ. ಅಪರೂಪಕ್ಕೆ ಯಾರಾದರೂ ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್ ಬಗ್ಗೆ ಮಾತಾಡಿದರೂ ಅದೇ ಹಾಡು. ಅಲ್ಲಿ ನೋಡೋಕೆ ಏನೂ ಇಲ್ಲ, ಲುವಾಂಗ್ ಪ್ರಬಾಂಗ್‌ಗೆ ಹೋಗುವ ದಾರಿಯಲ್ಲಿ ಅರ್ಧ ದಿನ ಸಾಕು ಅಂತ. ನಾವೂ ಅದನ್ನೇ ನಂಬಿ ಜನವರಿಯಲ್ಲಿ ಒಂದು ಗುಂಪಿನ ಜೊತೆ ಹೋದೆವು. ಕರೆದುಕೊಂಡು ಹೋದವರು (ಹೆಸರು ಬೇಡ ಬಿಡಿ) ಪತುಸೈ ಕಮಾನಿನ ಮುಂದೆ ಇಪ್ಪತ್ತು ನಿಮಿಷ, ಚಿನ್ನದ ಬಣ್ಣದ ಸ್ತೂಪದ ಮುಂದೆ ಅರ್ಧ ಗಂಟೆ ನಿಲ್ಲಿಸಿ ಸೀದಾ ಶಾಪಿಂಗ್‌ಗೆ ಬಿಟ್ಟರು. ನಮ್ಮ ಯಜಮಾನರಿಗೆ ಸಿಟ್ಟು ಬಂತು. ಇಬ್ಬರೂ ಗುಂಪು ಬಿಟ್ಟು ಎರಡು ದಿನ ಅಲ್ಲೇ ಉಳಿದೆವು. ಈ ಪತ್ರ ಬರೆಯುತ್ತಿರುವುದು ಆ ಎರಡು ದಿನದ ಸಲುವಾಗಿ.

ಬ್ಯಾಂಕಾಕ್‌ಗೆ ಹೋದ ನಮ್ಮವರೆಲ್ಲ ಅರಮನೆ ಆವರಣದ ಪಚ್ಚೆ ಬುದ್ಧನಿಗೆ ಕೈಮುಗಿದೇ ಬಂದಿರುತ್ತಾರೆ, ಅಲ್ವಾ? ಆ ಬುದ್ಧ ಇನ್ನೂರು ವರ್ಷಕ್ಕೂ ಜಾಸ್ತಿ ಇದ್ದದ್ದು ವಿಯೆಂಟಿಯಾನ್‌ನಲ್ಲಿ. 1565ರಲ್ಲಿ ರಾಜ ಸೆತ್ತಾತಿರಾತ್ ಅವನಿಗೆಂದೇ ಹೋ ಫ್ರಾ ಕಿಯೋ ಅನ್ನುವ ಗುಡಿ ಕಟ್ಟಿಸಿದ. 1779ರಲ್ಲಿ ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಸೈನ್ಯ ಬಂದು ವಿಗ್ರಹವನ್ನು ಎತ್ತಿಕೊಂಡು ಹೋಯಿತು. ಈಗ ಆ ಗುಡಿ ಮ್ಯೂಸಿಯಂ. ಪೂಜೆ ಇಲ್ಲ, ಗಂಟೆ ಇಲ್ಲ. ಬ್ಯಾಂಕಾಕ್‌ನಲ್ಲಿ ನೂಕುನುಗ್ಗಲಲ್ಲಿ ಬುದ್ಧನನ್ನು ನೋಡಿದ ನಾವು, ಇಲ್ಲಿ ಅವನು ಬಿಟ್ಟು ಹೋದ ಮನೆಯಲ್ಲಿ ಇಬ್ಬರೇ ನಿಂತಿದ್ದೆವು.

ರಸ್ತೆ ದಾಟಿದರೆ ವಾಟ್ ಸಿ ಸಾಕೇತ್. ಇದನ್ನು ಕಟ್ಟಿಸಿದ ರಾಜ ಅನುವಾಂಗ್ ಆಮೇಲೆ ಸಯಾಮಿನ ಮೇಲೇ ತಿರುಗಿಬಿದ್ದ, ಸೋತ. 1828ರಲ್ಲಿ ಅವರು ಊರಿಗೇ ಬೆಂಕಿ ಇಟ್ಟು ಜನರನ್ನು ಮೆಕಾಂಗ್ ನದಿಯಾಚೆ ಸಾಗಿಸಿದರು. ಅಷ್ಟರಲ್ಲೂ ಈ ಗುಡಿ ಉಳಿಯಿತು. ಸಯಾಮಿನ ಶೈಲಿಯಲ್ಲೇ ಕಟ್ಟಿದ್ದಕ್ಕೆ ಬಿಟ್ಟರೋ ಏನೋ ಅಂತಾರೆ. ಸುತ್ತಲಿನ ಪಡಸಾಲೆಯ ಗೋಡೆ ತುಂಬ ಪುಟ್ಟ ಪುಟ್ಟ ಗೂಡು, ನಮ್ಮ ಹಳೇ ಮನೆಗಳಲ್ಲಿ ದೀಪ ಇಡುವ ಗೂಡಿನ ಹಾಗೆ. ಗೂಡಿನೊಳಗೆಲ್ಲ ಬುದ್ಧರು. ಲೆಕ್ಕ 6,000 ದಾಟುತ್ತದಂತೆ. ಒಂದು ಕಡೆ ಸರಳಿನ ಹಿಂದೆ ತಲೆ ಹೋದವು, ಕೈ ಮುರಿದವು ರಾಶಿ ಬಿದ್ದಿವೆ. ಅನುವಾಂಗ್ ಬ್ಯಾಂಕಾಕ್‌ನಲ್ಲಿ ಸೆರೆಯಾಳಾಗಿಯೇ ಸತ್ತ. 2010ರಲ್ಲಿ ನದಿ ದಂಡೆಯ ಪಾರ್ಕಿನಲ್ಲಿ ಅವನ ದೊಡ್ಡ ಪ್ರತಿಮೆ ನಿಲ್ಲಿಸಿದ್ದಾರೆ. ಅವನ ಮುಖ ಥಾಯ್ಲೆಂಡ್ ಕಡೆಗೆ, ಒಂದು ಕೈ ಮುಂದೆ ಚಾಚಿದೆ. ಬಾ ಅನ್ನುತ್ತಿದ್ದಾನೋ, ಕೊಡು ಅನ್ನುತ್ತಿದ್ದಾನೋ ನಾನಂತೂ ಹೇಳಲಾರೆ.

ಪತುಸೈ ಬಗ್ಗೆ ಒಂದೇ ಮಾತು. ವಿಮಾನದ ರನ್‌ವೇಗೆ ಅಂತ ಅಮೆರಿಕ ಕೊಟ್ಟ ಸಿಮೆಂಟ್ ಇದಕ್ಕೆ ಹೋಯಿತು, ಅದಕ್ಕೇ ಇದನ್ನು ನಿಂತ ರನ್‌ವೇ ಅಂತ ತಮಾಷೆ ಮಾಡುತ್ತಾರೆ. ಕೆಳಗೆ ನಿಂತು ಸುಮ್ನೆ ತಲೆ ಎತ್ತಿ ನೋಡಿ, ಚಾವಣಿಯಲ್ಲಿ ವಿಷ್ಣು, ಬ್ರಹ್ಮ, ಇಂದ್ರ ಇದ್ದಾರೆ. ನಮ್ಮ ಗುಂಪಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ, ಎಲ್ಲರೂ ಸೆಲ್ಫಿಯಲ್ಲಿದ್ದರು.

ಯಾವ ಪ್ಯಾಕೇಜಿನಲ್ಲೂ ಕಾಣದ ಜಾಗ ಇನ್ನೊಂದಿದೆ. ಅದರ ಹೆಸರು ಕೋಪ್. ಕನ್ನಡದಲ್ಲಿ ಓದಿದರೆ ಸಿಟ್ಟು ಅನ್ನಿಸುತ್ತದೆ, ಒಳಗೆ ಹೋಗಿ ಬಂದರೆ ನಿಜಕ್ಕೂ ಬರುತ್ತದೆ. 1964ರಿಂದ 1973ರವರೆಗೆ ಅಮೆರಿಕ ಈ ಬಡ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಯಿತು. ದೊಡ್ಡ ಬಾಂಬಿನ ಹೊಟ್ಟೆಯಿಂದ ಟೆನ್ನಿಸ್ ಚೆಂಡಿನಷ್ಟಿರುವ ಮರಿ ಬಾಂಬ್‌ಗಳು ಚೆಲ್ಲಾಡುತ್ತವೆ, ಇಂಥವು 27 ಕೋಟಿ ಬಿದ್ದವು, ಅದರಲ್ಲಿ ಸುಮಾರು 8 ಕೋಟಿ ಸಿಡಿಯದೇ ಗದ್ದೆಯಲ್ಲಿ, ತೋಪಿನಲ್ಲಿ, ಮನೆ ಹಿತ್ತಲಲ್ಲಿ ಹೂತುಹೋದವು. ಅವುಗಳನ್ನು ಅಲ್ಲಿನವರು ಬಾಂಬಿ ಅಂತಾರೆ. ಹೊಲ ಅಗೆಯುವಾಗ ಗುದ್ದಲಿಗೆ ತಗಲುತ್ತದೆ. ಗುಜರಿಗೆ ಹಾಕಿದರೆ ನಾಲ್ಕು ಕಾಸು ಸಿಗುತ್ತದೆ ಅಂತ ಎತ್ತಿಕೊಳ್ಳುತ್ತಾರೆ. ಮಕ್ಕಳು ಚೆಂಡು ಅಂದುಕೊಳ್ಳುತ್ತಾರೆ. ಹಾಗೆ ಕೈಕಾಲು ಕಳೆದುಕೊಂಡವರಿಗೆ ಕೃತಕ ಅವಯವ ಸಿಗುವಂತೆ ಮಾಡುವ ಸಂಸ್ಥೆ ಇದು. ಹಳೇ ಕಾಲುಗಳನ್ನು ಅಲ್ಲಿ ತೂಗುಹಾಕಿದ್ದಾರೆ, ಬಿದಿರಿನದು, ಮರದ್ದು, ಮನೆಯಲ್ಲೇ ಸಿಕ್ಕಿದ್ದರಲ್ಲಿ ಮಾಡಿಕೊಂಡದ್ದು. ಇಲ್ಲಿ ಟಿಕೆಟ್ ಇಲ್ಲ, ಮನಸ್ಸಿದ್ದಷ್ಟು ಕೊಡಬಹುದು.

ಮಾರನೇ ದಿನ ಬುದ್ಧ ಪಾರ್ಕಿಗೆ ಹೋದೆವು, ಸುಮಾರು 25 ಕಿಲೋಮೀಟರ್. ಬುನ್‌ಲುವಾ ಸುಲಿಲತ್ ಅನ್ನುವ ಸಾಧು 1958ರಲ್ಲಿ ಶುರು ಮಾಡಿದ್ದು. ಹಳೇ ಕಾಲದ್ದು ಅನ್ನಿಸುತ್ತದೆ, ಎಲ್ಲ ಕಾಂಕ್ರೀಟು. ಶಿವ, ವಿಷ್ಣು, ಮೂರು ತಲೆಯ ಐರಾವತ, ಮಲಗಿದ ಬುದ್ಧ, ಎಲ್ಲರೂ ಒಂದೇ ಹುಲ್ಲಿನ ಮೇಲೆ. 1975ರಲ್ಲಿ ಕಮ್ಯುನಿಸ್ಟರು ಬಂದಾಗ ಈ ಮನುಷ್ಯ ನದಿ ದಾಟಿ ಓಡಿದ. ಓಡಿಹೋದವನು ಸುಮ್ಮನಿರಬೇಕಲ್ಲ? ಆಚೆ ದಡದ ನೋಂಗ್ ಖಾಯ್‌ನಲ್ಲಿ ಇನ್ನೊಂದು ಪಾರ್ಕ್ ಕಟ್ಟಿದ!

ಸಸ್ಯಾಹಾರಿಗಳಿಗೆ ಒಂದು ಮಾತು. ಪಪ್ಪಾಯಿ ಕೋಸಂಬರಿಗೂ ಮೀನಿನ ರಸ ಹಾಕುತ್ತಾರೆ. "ಕಿನ್ ಜೇ" ಅಂತ ಮೊದಲೇ ಹೇಳಿ. ಬಿದಿರು ಬುಟ್ಟಿಯ ಅಂಟು ಅನ್ನ ಮಾತ್ರ ನಮಗೆ ತುಂಬ ಹಿಡಿಸಿತು.

ಊರಿನ ಹೆಸರನ್ನು ಅಲ್ಲಿನವರು ವಿಯಾಂಗ್ ಚಾನ್ ಅಂತಾರೆ. ಚಾನ್ ಅಂದರೆ ಚಂದನ, ಚಂದ್ರ ಅನ್ನುವವರೂ ಇದ್ದಾರೆ. ಗಂಧದ ನಾಡಿನವರಾದ ನಮಗೆ ಇದನ್ನಾದರೂ ಯಾರಾದರೂ ಹೇಳಬಹುದಿತ್ತು. ಮುಂದಿನ ಸಲ ಈ ಊರಿನ ಬಗ್ಗೆ ಹಾಕುವಾಗ ದಯವಿಟ್ಟು ಶಾಪಿಂಗ್ ಪಟ್ಟಿ ಬಿಟ್ಟು ಕೋಪ್‌ನ ದಾರಿ ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗಳು, ಶಿವಮೊಗ್ಗ