ಗೆದ್ದವಳು ಕೆಳಗೆ, ಸೋತವನು ವೇದಿಕೆ ಮೇಲೆ

ಮಾನ್ಯ ಸಂಪಾದಕರೇ,

ಮಂಗಳವಾರದ ಪತ್ರಿಕೆಯ ನಾಲ್ಕನೇ ಪುಟದಲ್ಲಿ ನಮ್ಮೂರ ಶಾಲೆಯ ಸುದ್ದಿ ಹಾಕಿದ್ದೀರಿ. ‘ಮಕ್ಕಳಿಗೆ ಪ್ರಜಾಪ್ರಭುತ್ವದ ಪಾಠ’ ಅಂತ ದಪ್ಪಕ್ಷರದ ತಲೆಬರಹ, ಜೊತೆಗೊಂದು ಫೋಟೊ. ಫೋಟೊದಲ್ಲಿ ಎಂಟು ಜನ ದೊಡ್ಡವರಿದ್ದಾರೆ. ಕನ್ನಡಕ ಹಾಕಿಕೊಂಡು ಎಣಿಸಿದ್ದೇನೆ. ಅವರ ತೋಳುಗಳ ಸಂದಿಯಲ್ಲಿ ಮೂರು ಮಕ್ಕಳ ತಲೆ ಕಾಣುತ್ತವೆ. ಶಾಲಾ ಸಂಸತ್ತಿನ ಪ್ರಮಾಣವಚನ ಅಂತೆ. ಗೆದ್ದ ಹುಡುಗಿ ಮಾತ್ರ ಆ ಫೋಟೊದಲ್ಲಿ ಇಲ್ಲ. ಅವಳು ನನ್ನ ಮೊಮ್ಮಗಳು. ಏಳನೇ ತರಗತಿ.

ನಡೆದದ್ದು ಊರಿಗೆಲ್ಲ ಗೊತ್ತು. ನಿಮ್ಮ ವರದಿಗಾರರಿಗೂ ಗೊತ್ತು, ನನ್ನ ಪಕ್ಕದಲ್ಲೇ ನಿಂತು ಉಪ್ಪಿಟ್ಟು ತಿಂದಿದ್ದಾರೆ. ಆದರೂ ವರದಿಯಲ್ಲಿ ಆ ಬಗ್ಗೆ ಒಂದು ಸಾಲಿಲ್ಲ. ಮುಖ್ಯ ಅತಿಥಿಗಳು ಏನು ಹೇಳಿದರು ಅನ್ನೋದಕ್ಕೆ ಹದಿಮೂರು ಸಾಲು ಇದೆ.

ಶನಿವಾರದ ಮತದಾನ ಚೆನ್ನಾಗೇ ನಡೆದಿತ್ತು, ಅದನ್ನು ಒಪ್ಪಬೇಕು. ಮೊಬೈಲ್‌ನಲ್ಲಿ ಮತಯಂತ್ರದ ಆ್ಯಪ್ ಹಾಕಿಕೊಂಡಿದ್ದರು. ಗುಂಡಿ ಒತ್ತಿದರೆ ನಿಜವಾದ ಯಂತ್ರದ ಹಾಗೇ ‘ಕುಂಯ್’ ಅನ್ನುತ್ತಿತ್ತು. ಆರನೇ ತರಗತಿಯ ಮಕ್ಕಳೇ ಮತಗಟ್ಟೆ ಅಧಿಕಾರಿಗಳು. ಬೆರಳಿಗೆ ಮಾರ್ಕರ್ ಪೆನ್ನಿನ ಶಾಯಿ. ನಾನು ಕಂಡಕ್ಟರ್ ಆಗಿದ್ದಾಗ ಎಷ್ಟೋ ಸಲ ಚುನಾವಣೆ ಡ್ಯೂಟಿಗೆ ಬಸ್ ಜೊತೆ ಹೋಗಿದ್ದೇನೆ, ಪೆಟ್ಟಿಗೆ ಕಾಲದಲ್ಲೂ, ಮೆಷಿನ್ ಕಾಲದಲ್ಲೂ. ಈ ಮಕ್ಕಳಷ್ಟು ಶಿಸ್ತಾಗಿ ಸಾಲು ನಿಂತವರನ್ನು ನೋಡಿದ್ದು ಕಮ್ಮಿ. ಮೊಮ್ಮಗಳು ಮುಖ್ಯಮಂತ್ರಿ ಸ್ಥಾನಕ್ಕೆ ನಿಂತಿದ್ದಳು. (ಸಂಸತ್ತಿಗೆ ಮುಖ್ಯಮಂತ್ರಿ ಹೇಗೆ ಬರುತ್ತಾರೆ ಅಂತ ನನ್ನನ್ನು ಕೇಳಬೇಡಿ.) ಅವಳ ಚಿಹ್ನೆ ಸೀಟಿ. ನನ್ನದೇ ಹಳೇ ಸೀಟಿ, ನಿವೃತ್ತಿಯಾದ ಮೇಲೆ ದೇವರ ಗೂಡಿನಲ್ಲಿ ಇಟ್ಟಿದ್ದೆ, ತಗೊಂಡು ಹೋದಳು.

ಅವಳ ಪ್ರಣಾಳಿಕೆಯಲ್ಲಿ ಮೂರೇ ಮಾತು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸಬೇಕು. ಒಂದನೇ ತರಗತಿಯವರಿಗೂ ಎಟುಕುವ ಹಾಗೆ ಕುಡಿಯುವ ನೀರಿನ ನಲ್ಲಿ ಕೆಳಗಿಡಬೇಕು. ಪಿ.ಟಿ. ಪೀರಿಯಡ್‌ನಲ್ಲಿ ಗಣಿತ ಮಾಡಬಾರದು. ಅವಳ ಎಡಗಾಲಿಗೆ ಹುಟ್ಟಿನಿಂದಲೇ ಸ್ವಾಧೀನವಿಲ್ಲ, ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾಳೆ. ‘ನೀನು ಓಡೋದೇ ಇಲ್ವಲ್ಲ, ನಿನಗ್ಯಾಕೆ ಪಿ.ಟಿ.’ ಅಂತ ಎದುರಾಳಿ ಕಡೆಯವರು ಕೇಳಿದರಂತೆ. ‘ನಾನು ಅಂಪೈರು’ ಅಂದಳಂತೆ. 131 ಮತದಲ್ಲಿ 74 ಅವಳಿಗೆ ಬಿದ್ದವು.

ಸೋಮವಾರ ಪ್ರಮಾಣವಚನ. ನನ್ನ ಪಾಡು ಹೇಳುತ್ತೇನೆ ಕೇಳಿ. ಭಾನುವಾರ ಮಳೆಯಲ್ಲಿ ಟೈಲರ್ ಮನೆಗೆ ಎರಡು ಸಲ ಹೋಗಿ ಬಿಳಿ ಸಮವಸ್ತ್ರ ಹೊಲಿಸಿದೆ. ಅರ್ಜೆಂಟ್ ಅಂದಿದ್ದಕ್ಕೆ ಡಬಲ್ ಚಾರ್ಜು. ಸೋಮವಾರ ನನಗೆ ಮಂಡಿನೋವಿನ ಡಾಕ್ಟರ ಹತ್ತಿರ ನಂಬರ್ ಇತ್ತು, ಹದಿನೈದು ದಿನ ಕಾದು ಸಿಕ್ಕಿದ್ದು, ಅದನ್ನೂ ಬಿಟ್ಟೆ. ಒಂಬತ್ತೂವರೆಗೆ ಬನ್ನಿ ಅಂದಿದ್ದರು. ಅತಿಥಿಗಳು ಬಂದಿದ್ದು ಹನ್ನೆರಡು ಇಪ್ಪತ್ತಕ್ಕೆ. ಅಲ್ಲಿಯವರೆಗೆ ಮಕ್ಕಳು ಒದ್ದೆ ನೆಲದ ಮೇಲೆ, ನಾನು ಕಂಬಕ್ಕೆ ಒರಗಿ. ಕುರ್ಚಿಗಳಿದ್ದವು, ಆದರೆ ಅವುಗಳ ಮೇಲೆ ‘ಗಣ್ಯರು’ ಅಂತ ಚೀಟಿ ಅಂಟಿಸಿತ್ತು. ಸಕ್ಕರೆ ಕಾಯಿಲೆಯವನು ನಾನು. ಆ ಉಪ್ಪಿಟ್ಟು ಸಿಗದಿದ್ದರೆ ಅಲ್ಲೇ ಬಿದ್ದಿರುತ್ತಿದ್ದೆ, ಸುದ್ದಿಗೆ ಇನ್ನೊಂದು ಫೋಟೊ ಸಿಗುತ್ತಿತ್ತು.

ಆಮೇಲೆ ಮೈಕಿನಲ್ಲಿ ಮುಖ್ಯಮಂತ್ರಿ ಅಂತ ಬೇರೆ ಹುಡುಗನ ಹೆಸರು ಕೂಗಿದರು. ಎರಡನೇ ಸ್ಥಾನ ಬಂದವನು. ಅವನಪ್ಪ ಯಾರು ಅಂತ ಬರೆಯುವುದಿಲ್ಲ, ಆ ಫೋಟೊದಲ್ಲಿ ಎಡದಿಂದ ಹುಡುಕಿದರೆ ಸಿಗುತ್ತಾರೆ. ಹುಡುಗನದೇನೂ ತಪ್ಪಿಲ್ಲ, ಪಾಪ, ಅವನೇ ಅಳುಮುಖ ಮಾಡಿಕೊಂಡು ಹತ್ತಿದ. ನನ್ನ ಮೊಮ್ಮಗಳಿಗೆ ‘ಸಾಂಸ್ಕೃತಿಕ ಮಂತ್ರಿ’ ಖಾತೆ. ಅದಕ್ಕೂ ವೇದಿಕೆ ಹತ್ತಿಸಲಿಲ್ಲ. ಐದು ಮೆಟ್ಟಿಲಿದೆಯಲ್ಲ, ‘ಪುಟ್ಟಿ, ನೀನು ಅಲ್ಲೇ ಕೂತು ಕೈ ಮುಂದೆ ಮಾಡು ಸಾಕು’ ಅಂದರು. ರ‍್ಯಾಂಪ್ ಇದೆ ಸ್ವಾಮಿ. ಕಟ್ಟಡದ ಹಿಂದುಗಡೆ ಇದೆ. ಅದರ ಮೇಲೆ ಸೌದೆ, ಹಾಲಿನ ಪುಡಿಯ ಖಾಲಿ ಚೀಲ, ಯಾರದೋ ಬೈಕು.

ಯಾಕೆ ಹೀಗೆ ಅಂತ ಕೇಳಿದೆ. ಆಗಸ್ಟ್ 15ಕ್ಕೆ ಮುಖ್ಯಮಂತ್ರಿಯೇ ಮುಂದೆ ನಡೆದು ಪರೇಡ್ ಮಾಡಿಸಬೇಕು, ತಾಲ್ಲೂಕಿನವರೆಲ್ಲ ಬಂದಿರುತ್ತಾರೆ, ಮಗುವಿಗೇ ಮುಜುಗರ ಆಗಬಾರದು ನೋಡಿ ಅಂದರು. ಅವಳ ಒಳ್ಳೇದಕ್ಕೇ ಅಂತೆ! ಅವಳಿಗೆ ಮುಜುಗರ ಆಗುತ್ತದೋ ಇಲ್ಲವೋ ಅಂತ ಅವಳನ್ನು ಕೇಳಿದಿರಾ ಅಂದೆ. ‘ಮಕ್ಕಳಿಗೆ ಇದೆಲ್ಲ ಏನು ಗೊತ್ತಾಗುತ್ತೆ ಸಾರ್’ ಅಂದರು. ಏನೂ ಗೊತ್ತಾಗದ ಮಕ್ಕಳ ಬೆರಳಿಗೆ ಶನಿವಾರ ಶಾಯಿ ಹಚ್ಚಿದ್ದು ಯಾಕೆ? ಅದಿನ್ನೂ ಅಳಿಸಿಲ್ಲ.

ಅವಳ ತರಗತಿಯ ಹುಡುಗನೊಬ್ಬ ಎದ್ದು ನಿಂತು ‘ಸಾರ್, ನಾವು ವೋಟ್ ಹಾಕಿದ್ದು ಅವಳಿಗೆ’ ಅಂದ. ಅಷ್ಟೇ ಅಂದಿದ್ದು. ಅಧಿಕಪ್ರಸಂಗಿ ಅಂತ ಅವನನ್ನು ಕಾರ್ಯಕ್ರಮ ಮುಗಿಯೋವರೆಗೂ ಬೇಲಿ ಹತ್ತಿರ ನಿಲ್ಲಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯುವುದಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದೂ ತಪ್ಪು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನನಗೆ ಗೊತ್ತಿರೋದು ಅವರಿಗೆ ಗೊತ್ತಿಲ್ವಾ?

2021ರ ಡಿಸೆಂಬರ್‌ನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಬೇಕೋ ಬೇಡವೋ ಅಂತ ದೊಡ್ಡವರು ಕಿತ್ತಾಡುತ್ತಿದ್ದಾಗ, ಗಂಗಾವತಿಯ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕು ಅಂತ ನೇರವಾಗಿ ಹೇಳಿದ್ದು ನೆನಪಿರಬಹುದು. ಆ ವಿಡಿಯೊ ನೋಡಿ ಇದೇ ಶಾಲೆಯ ಜಗಲಿಯಲ್ಲಿ ಎಲ್ಲರೂ ಶಭಾಷ್ ಅಂದಿದ್ದರು. ಗಂಗಾವತಿ ದೂರ ಇದೆ, ಅದಕ್ಕೆ. ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಮಾಡಿದ್ದರು. ನಾನು ಆ ರೂಟಿನಲ್ಲಿದ್ದಾಗ ಬಸ್ಸಿನಲ್ಲೇ ಆ ಮಾತು ಕೇಳಿದ್ದೆ. ನಮ್ಮಲ್ಲಿ ಮಕ್ಕಳ ಗ್ರಾಮಸಭೆ ಅಂದರೆ ಮಕ್ಕಳನ್ನು ಕೂರಿಸಿ ದೊಡ್ಡವರು ಎರಡು ಗಂಟೆ ಭಾಷಣ ಮಾಡುವುದು, ಕೊನೆಗೆ ಬಿಸ್ಕತ್ತು. ಹೋದ ವರ್ಷದ ಸಭೆಯಲ್ಲೂ ಇದೇ ಮೊಮ್ಮಗಳು ಚಿಲಕ ಕೇಳಿದ್ದಳು. ‘ಗಮನಿಸಲಾಗುವುದು’ ಅಂತ ಪುಸ್ತಕದಲ್ಲಿ ಬರೆದುಕೊಂಡರು. ಒಂದು ಚಿಲಕಕ್ಕೆ ಎಷ್ಟು ದುಡ್ಡು? ನಾನೇ ತಂದು ಹಾಕಲು ಹೋದರೆ ‘ಎಸ್‌ಡಿಎಂಸಿ ಠರಾವು ಆಗಬೇಕು’ (ಅಂದರೆ ಶಾಲೆಯ ಉಸ್ತುವಾರಿ ಸಮಿತಿ) ಅಂತ ವಾಪಸ್ ಕಳಿಸಿದರು. ಆ ಚಿಲಕ ನಮ್ಮ ಕೋಳಿಗೂಡಿಗೆ ಹಾಕಿದ್ದೇನೆ, ಚೆನ್ನಾಗಿ ಬೀಳುತ್ತದೆ. ಶಾಲೆಯಲ್ಲಿ ಮಕ್ಕಳ ದೂರು ಪೆಟ್ಟಿಗೆಯೂ ಇದೆ. ಬೀಗದ ಕೈ ಹಿಂದಿನ ಹೆಡ್‌ಮಾಸ್ಟರ್ ವರ್ಗವಾಗಿ ಹೋದಾಗ ಅವರ ಜೊತೆಗೇ ಹೋಯಿತಂತೆ.

ಈ ಕಚೇರಿಗಳ ಸಹವಾಸ ನನಗೆ ಹೊಸದಲ್ಲ ಬಿಡಿ. ಇವಳ ಅಂಗವಿಕಲರ ಗುರುತಿನ ಚೀಟಿಗೆ ಏಳು ಸಲ ಜಿಲ್ಲಾ ಕೇಂದ್ರಕ್ಕೆ ಹೊತ್ತುಕೊಂಡು ಹೋಗಿದ್ದೇನೆ. ಒಂದು ಸಲ ಡಾಕ್ಟರ್ ಇಲ್ಲ, ಒಂದು ಸಲ ಸರ್ವರ್ ಇಲ್ಲ, ಒಂದು ಸಲ ಆಧಾರ್‌ನಲ್ಲಿ ಹೆಸರಿಗೆ ‘ಎಚ್’ ಇದೆ, ಶಾಲೆ ದಾಖಲೆಯಲ್ಲಿ ಇಲ್ಲ. ಕಾಲು ಕಣ್ಣೆದುರೇ ಇದೆ, ‘ಎಚ್’ ಬೇಕಂತೆ! 2016ರಲ್ಲಿ ಹೊಸ ಕಾಯ್ದೆ ಬಂತು, ಏಳು ಬಗೆಯ ಅಂಗವೈಕಲ್ಯ ಇದ್ದಿದ್ದು ಇಪ್ಪತ್ತೊಂದಾಯಿತು ಅಂತ ಗೋಡೆ ತುಂಬ ಬರೆಸಿದ್ದರು. ಅದನ್ನು ನಿಂತು ನಿಂತು ಬಾಯಿಪಾಠ ಮಾಡಿದ್ದೇನೆ. ಅಲ್ಲೂ ಕುರ್ಚಿ ಇರಲಿಲ್ಲ. ಇನ್ನು ನಮ್ಮ ಬಸ್ ತಂಗುದಾಣದ ಬೆಂಚು ಎಲ್ಲಿ ಹೋಯಿತು ಅಂತ ಪಂಚಾಯಿತಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಆ ಸೋಮವಾರ ವೇದಿಕೆ ಪಕ್ಕ ಅತಿಥಿಗಳ ಡ್ರೈವರ್ ಕೂತಿದ್ದ ಬೆಂಚು ನೋಡಿದರೆ ಅನುಮಾನ ಬರುತ್ತದೆ. ಇರಲಿ.

ಒಂದು ಒಳ್ಳೆ ಮಾತೂ ಹೇಳುತ್ತೇನೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ, ಅಂಗವೈಕಲ್ಯ ಇರುವವರಿಗೆ ಮನೆಯಲ್ಲೇ ಮತ ಹಾಕಲು ಬಿಟ್ಟರು. ನಮ್ಮಕ್ಕನ ಮನೆಗೆ ಅಧಿಕಾರಿಗಳು ಕೆಸರು ತುಳಿದುಕೊಂಡು ಬಂದು, ರಟ್ಟಿನ ಮರೆ ಕಟ್ಟಿ ಮತ ಹಾಕಿಸಿದರು. ಮುದುಕಿಯ ಒಂದು ಮತಕ್ಕೆ ಅಷ್ಟು ಜನ. ಇಲ್ಲಿ 74 ಮತ ಐದು ಮೆಟ್ಟಿಲು ಹತ್ತಲಿಲ್ಲ. ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಇದೇ ಮಕ್ಕಳ ಕೈಯಲ್ಲಿ ಸಂವಿಧಾನ ಪೀಠಿಕೆ ಓದಿಸುತ್ತಾರೆ. ‘ಸ್ಥಾನಮಾನ ಮತ್ತು ಅವಕಾಶಗಳ ಸಮಾನತೆ’ ಅನ್ನುವ ಸಾಲು ಬಂದಾಗ ನಮ್ಮ ಮನೆಯವರೆಗೂ ಕೇಳುತ್ತದೆ.

ಸಂಬಂಧಪಟ್ಟವರು ಮತ್ತೆ ಪ್ರಮಾಣವಚನ ಮಾಡಿಸಬೇಕು. ಇಲ್ಲವೇ ಬೇಡ, ಆ ಹುಡುಗನಿಗೂ ಯಾಕೆ ತೊಂದರೆ, ಮೊದಲು ರ‍್ಯಾಂಪ್ ಮೇಲಿನ ಬೈಕು ತೆಗೆಸಲಿ. ಶಿಕ್ಷಣ ಇಲಾಖೆಯವರು ಬಂದು ನೋಡಲಿ, ಆದರೆ ಅವರು ಬರುವುದಾದರೆ ಮತ್ತೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುತ್ತಾರೆ, ಅದಕ್ಕಿಂತ ಬರದಿದ್ದರೇ ವಾಸಿ. ನೀವಾದರೂ ತಿದ್ದುಪಡಿ ಹಾಕಿ. ಸ್ವಲ್ಪ ನಾಚಿಕೆ ಇದ್ದವರು ಓದುತ್ತಾರೆ.

ಇನ್ನೊಂದು. ಪ್ರಚಾರದ ದಿನ ಜಾಸ್ತಿ ಊದಿದಳು ಅಂತ ಸೀಟಿ ಕಿತ್ತು ಆಫೀಸಿನ ಬೀರುವಿನಲ್ಲಿ ಇಟ್ಟಿದ್ದಾರೆ. ಕೇಳಿದರೆ ‘ಪಾಲಕರು ಬಂದು ಬರೆದುಕೊಟ್ಟು ತಗೊಂಡು ಹೋಗಿ’ ಅನ್ನುತ್ತಾರೆ. ಬರೆದುಕೊಟ್ಟಿದ್ದೇನೆ, ಇದೇ ಆ ಬರಹ. ನನ್ನ ಸೀಟಿ ವಾಪಸ್ ಕಳಿಸಲಿ.

ಇಂತಿ,
ನಿವೃತ್ತ ಬಸ್ ಕಂಡಕ್ಟರ್, ನಿಮ್ಮ ಹಳೇ ಚಂದಾದಾರ