ಮೆಂತ್ಯೆ ತಿನ್ನಿ, ಮಾತ್ರೆ ಬಿಡಬೇಡಿ

ಮಾನ್ಯರೇ,

ಕಲಬುರಗಿ ಕಡೆಯ ಸಂತೆಗಳಲ್ಲಿ ಹೆಸರಿಲ್ಲದ ಬೇರಿನ ಪುಡಿ ಕೊಟ್ಟು ‘ಶುಗರ್ ಮಾತ್ರೆ ನಿಲ್ಲಿಸಿ’ ಎನ್ನುವವರ ಮಾತು ನಂಬಬೇಡಿ. ಮಾತ್ರೆಯ ಜೊತೆಗೆ ಅಡುಗೆಮನೆಯ ಮೆಂತ್ಯೆ ಒಳ್ಳೆಯದು. ಎರಡು ಚಹಾ ಚಮಚ, ಅಂದಾಜು 8–10 ಗ್ರಾಂ, ರಾತ್ರಿ ಒಂದು ಲೋಟ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ನೀರಷ್ಟೇ ಕುಡಿದು ಕಾಳು ಚೆಲ್ಲಿದರೆ ಏನು ಬಂತು? ಕೆಲಸ ಮಾಡುವುದೇ ಕಾಳಿನ ಲೋಳೆಯಂಥ ನಾರು. ರೊಟ್ಟಿಯ ಪಿಷ್ಟ ಸಕ್ಕರೆಯಾಗಿ ರಕ್ತ ಸೇರುವುದನ್ನು ಅದು ನಿಧಾನಿಸುತ್ತದೆ. ಅಗಿದು ತಿನ್ನಿ. ಮೊದಲ ವಾರ ಒಂದೇ ಚಮಚ ಸಾಕು, ಇಲ್ಲವಾದರೆ ಹೊಟ್ಟೆ ಉಬ್ಬರ. ಗರ್ಭಿಣಿಯರಿಗೆ ಬೇಡ.

ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಇಲ್ಲವೇ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಗೆ ಹಾಗಲರಸವನ್ನೂ ಕುಡಿದರೆ ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿದೀತು. ಕೈ ನಡುಗಿ ಬೆವರಿದರೆ ಮೂರು ಚಹಾ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

– ಆಹಾರತಜ್ಞೆ, ಕಲಬುರಗಿ