ಲೋಟದ 30ನೇ ದಿನದ ಚಿತ್ರವನ್ನೂ ಪ್ರಕಟಿಸಿ

ಸಂಪಾದಕರಿಗೆ,

ಮಾನ್ಯರೇ,

ಅಡುಗೆಮನೆಯಲ್ಲಿ ಕತ್ತರಿಸಿ ಬಿಸಾಡುವ ತುದಿ, ಬುಡಗಳಿಂದಲೇ ಮತ್ತೆ ತರಕಾರಿ ಬೆಳೆಯಬಹುದು ಎಂಬ ಬರಹಗಳು ಪುರವಣಿಗಳಲ್ಲಿ ಆಗಾಗ ಬರುತ್ತವೆ. ಜತೆಗೊಂದು ಚೆಂದದ ಚಿತ್ರವಿರುತ್ತದೆ: ಕಿಟಕಿಯ ಪಕ್ಕ ಗಾಜಿನ ಲೋಟ, ಅದರಲ್ಲಿ ಹಸಿರು ಚಿಗುರು. ಆ ಚಿತ್ರ ಹೆಚ್ಚೆಂದರೆ ಹತ್ತನೇ ದಿನದ್ದು. ಅದೇ ಲೋಟದ 30ನೇ ದಿನದ ಚಿತ್ರ ಎಲ್ಲೂ ಕಾಣಿಸುವುದಿಲ್ಲ. ಬರಹ ಓದಿದವರು ಆಸೆಯಿಂದ ಕ್ಯಾರೆಟ್ ತುದಿಯನ್ನು ನೀರಿಗಿಡುತ್ತಾರೆ. ಎರಡು ವಾರ ಕಳೆದು ಕೊಳೆತ ವಾಸನೆ ಬಂದಾಗ ತಮ್ಮ ಕೈಗುಣವೇ ಸರಿಯಿಲ್ಲವೆಂದು ಗಿಡ ಬೆಳೆಸುವ ಗೋಜನ್ನೇ ಬಿಡುತ್ತಾರೆ. ಅರ್ಧ ಹೇಳಿದ ಮಾಹಿತಿ ಮಾಡುವ ಹಾನಿ ಇದು.

ಕೈಯಲ್ಲಿರುವ ತುಂಡು ಗಿಡದ ಯಾವ ಭಾಗ ಎಂಬುದನ್ನು ಮೊದಲು ನೋಡಬೇಕು. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳಲ್ಲಿ ನಾವು ತಿನ್ನುವುದು ತಾಯಿಬೇರನ್ನು. ಬೀಜ ಮೊಳೆತಾಗ ಇಳಿಯುವ ಆ ಬೇರನ್ನು ಒಮ್ಮೆ ಕತ್ತರಿಸಿದರೆ ಗಿಡ ಅಂಥದ್ದೇ ಇನ್ನೊಂದನ್ನು ಕಟ್ಟಿಕೊಳ್ಳುವುದಿಲ್ಲ. ತುದಿಯಲ್ಲಿರುವ ಮೊಗ್ಗು ಆ ತುಂಡಿನಲ್ಲಿ ಉಳಿದ ಸಕ್ಕರೆಯನ್ನು ಉಂಡು ಒಂದಿಷ್ಟು ಎಲೆ ಬಿಡುತ್ತದೆ. ಮಣ್ಣಿಗೆ ನೆಟ್ಟು ಬೇರು ಹಿಡಿದರೆ ಹೂದಂಟು ಎತ್ತಿ ಬೀಜವನ್ನೂ ಕಟ್ಟೀತು. ಕ್ಯಾರೆಟ್ ಮಾತ್ರ ಬರುವುದಿಲ್ಲ.

ನಂಬಿಕೆಯಿಂದ ಶುರುಮಾಡಬಹುದಾದದ್ದು ಈರುಳ್ಳಿ ಸೊಪ್ಪು. ಬೇರು ಸಮೇತ ಬುಡದ ಬಿಳಿ ಭಾಗವನ್ನು 4–5 ಸೆಂ.ಮೀ. ಉಳಿಸಿಕೊಳ್ಳಿ. ಬೇರುಗಳ ಮೇಲೆ ಬಿಲ್ಲೆಯಂತೆ ಗಟ್ಟಿಯಾಗಿರುವ ಭಾಗವೇ ಅದರ ನಿಜವಾದ ಕಾಂಡ. ಚಿಗುರು ಹೊರಡುವುದು ಅಲ್ಲಿಂದ. ಚೊಕ್ಕವಾಗಿರಲೆಂದು ಅದನ್ನೂ ಹೆರೆದುಹಾಕಿದರೆ ಏನೂ ಬರುವುದಿಲ್ಲ. ಒಂದೆರಡು ದಿನಗಳಲ್ಲೇ ಕತ್ತರಿಸಿದ ಬಾಯಿಯ ಹೊರ ಪದರ ಇದ್ದಲ್ಲೇ ನಿಂತು, ನಡುವಿನ ಎಳೆ ಸುರುಳಿ ಮೇಲೆದ್ದಿರುತ್ತದೆ. ಮೊದಲ ಕೊಯ್ಲು ಚೆನ್ನಾಗಿರುತ್ತದೆ. ಎರಡನೆಯದು ತೆಳು, ಮೂರನೆಯದರಲ್ಲಿ ಘಾಟೂ ಇಲ್ಲ, ರುಚಿಯೂ ಇಲ್ಲ. ಬರೀ ನೀರಿನಲ್ಲಿ ಗಿಡಕ್ಕೆ ಸಾರಜನಕ ಸಿಗುವುದಿಲ್ಲ, ಬುಡದಲ್ಲಿ ಕೂಡಿಟ್ಟದ್ದಷ್ಟೇ ಅದರ ಬಂಡವಾಳ. ಆದ್ದರಿಂದ ಮೊದಲ ಕೊಯ್ಲಾದ ಕೂಡಲೇ ಮಣ್ಣಿಗೆ ವರ್ಗಾಯಿಸಿ. ಆಗ ಅದು ತಿಂಗಳುಗಟ್ಟಲೆ ಚಿಗುರುತ್ತಿರುತ್ತದೆ.

ಕೊಳೆಯುವುದಕ್ಕೆ ಮುಖ್ಯ ಕಾರಣ ನೀರು ಹೆಚ್ಚಾಗುವುದು. ಬೇರು ಮುಳುಗುವಷ್ಟು, ಅಂದರೆ 1–2 ಸೆಂ.ಮೀ. ನೀರಿದ್ದರೆ ಸಾಕು. ಬುಡವೆಲ್ಲ ಮುಳುಗಿದರೆ ಹೊರ ಪದರಕ್ಕೆ ಗಾಳಿಯಾಡದೆ ಲೋಳೆ ಕಟ್ಟುತ್ತದೆ. ಲೋಳೆಯಾದ ಪದರವನ್ನು ಬೆರಳಿನಿಂದ ಜಾರಿಸಿ ತೆಗೆದು, ದಿನ ಬಿಟ್ಟು ದಿನ ನೀರು ಬದಲಿಸಿ. ಲೋಟದ ಒಳಗೋಡೆಯನ್ನು ಉಜ್ಜಿ ತೊಳೆಯಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗೋಡೆಗೆ ಅಂಟುವಂತೆ ಮೊಟ್ಟೆ ಇಡುತ್ತದೆ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತವೆ. ಲೋಟದಲ್ಲಿ ಗಿಡ ಬೆಳೆಸಿರೆಂದು ಹೇಳುವ ಯಾವ ಬರಹವೂ ಈ ಮಾತನ್ನು ಬಿಡಬಾರದು.

ಲೆಟಿಸ್, ಸೆಲರಿ ಬುಡಗಳು ಒಂದು ಹಿಡಿ ಎಲೆ ಕೊಟ್ಟು ಮುಗಿಯುತ್ತವೆ. ಇವುಗಳಿಗಿಂತ ಪುದೀನ, ಬಸಳೆಯ ದಂಟು ಎಷ್ಟೋ ವಾಸಿ, ಏಕೆಂದರೆ ಅಲ್ಲಿ ಹುಟ್ಟುವುದು ಪೂರ್ಣ ಗಿಡ. 10–12 ಸೆಂ.ಮೀ. ದಂಟನ್ನು ಗೆಣ್ಣಿನ ಕೆಳಗೇ ಕತ್ತರಿಸಿ, ನೀರಿಗೆ ತಾಗುವ ಎಲೆಗಳನ್ನೆಲ್ಲ ಕಿತ್ತು ನಿಲ್ಲಿಸಿ. ಒಂದೆರಡು ವಾರಗಳಲ್ಲಿ ಗೆಣ್ಣಿನಿಂದ ಬೇರು ಇಳಿಯುತ್ತದೆ. ಬೇರು 3–4 ಸೆಂ.ಮೀ. ಆದಾಗಲೇ ಮಣ್ಣಿಗೆ ನೆಡಿ. ನೀರಿನಲ್ಲೇ ಬಹಳ ದಿನ ಬಿಟ್ಟರೆ ಬೇರು ಉದ್ದವಾಗಿ ಪೆಡಸಾಗುತ್ತದೆ, ನೆಡುವಾಗ ಮುರಿಯುತ್ತದೆ, ಗಿಡ ಮಣ್ಣಿಗೆ ಹೊಂದಿಕೊಳ್ಳುವುದೂ ತಡ. ನೆಟ್ಟ ಮೊದಲ ನಾಲ್ಕೈದು ದಿನ ನೆರಳಿರಲಿ.

ಬೆಳ್ಳುಳ್ಳಿ ಎಸಳು ಮನೆಯೊಳಗೆ ಸೊಪ್ಪು ಕೊಡುತ್ತದೆ, ಗೆಡ್ಡೆ ಕಟ್ಟಲು ಅದಕ್ಕೆ ಚಳಿಯೂ ನಂತರ ದೀರ್ಘ ಹಗಲೂ ಬೇಕು. ಶುಂಠಿ ಬರುತ್ತದೆ, ಆದರೆ 8–10 ತಿಂಗಳ ತಾಳ್ಮೆ ಬೇಡುತ್ತದೆ. ಮೊಳಕೆ ಬರುವ ಕಣ್ಣು ಮೇಲಾಗಿರುವಂತೆ 4–5 ಸೆಂ.ಮೀ. ಆಳದಲ್ಲಿ ಅಡ್ಡಲಾಗಿ ಮಲಗಿಸಿ. ಗೆಡ್ಡೆ ಅಡ್ಡಕ್ಕೆ ಹಬ್ಬುವುದರಿಂದ ಕುಂಡ ಅಗಲವಾಗಿರಲಿ. ಮೊಳಕೆ ಮೇಲೆ ಕಾಣುವವರೆಗೆ ನೀರು ಕೈ ಬಿಗಿದು ಕೊಡಿ, ಎಲೆಯಿಲ್ಲದ ಗೆಡ್ಡೆ ನೀರು ಹೀರುವುದು ಕಡಿಮೆ. ಹೆಚ್ಚಿನ ಶುಂಠಿ ಕೊಳೆತು ಹೋಗುವುದು ಈ ಹಂತದಲ್ಲೇ. ಆಲೂಗಡ್ಡೆ ಮನೆಯೊಳಗಿನ ಬೆಳೆಯೇ ಅಲ್ಲ. ಮೇಲಾಗಿ ಅದರ ಎಲೆ, ಮೊಳಕೆ, ಬೆಳಕಿಗೆ ಹಸಿರಾದ ಭಾಗ ಎಲ್ಲದರಲ್ಲೂ ಸೋಲನಿನ್ ಎಂಬ ವಿಷವಿರುತ್ತದೆ. ಚಿಗುರಿದ್ದನ್ನೆಲ್ಲ ಸೊಪ್ಪೆಂದು ಬಗೆಯಬಾರದು.

ಇನ್ನು ಬೆಳಕಿನ ವಿಷಯ. ದೀಪ ಹಾಕಿದ ಕೋಣೆಯಲ್ಲಿ ಇರುವುದು ಕೆಲವು ನೂರು ಲಕ್ಸ್ ಬೆಳಕು, ನಡುಹಗಲ ಬಿಸಿಲಲ್ಲಿ ಸುಮಾರು ಒಂದು ಲಕ್ಷ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಕೋಣೆ ಬೆಳಗಿದೆ ಎನಿಸುತ್ತದೆ, ಗಿಡಕ್ಕೆ ಮಾತ್ರ ಅದು ಉಪವಾಸ. ಸೊಪ್ಪು ಬೆಳೆಯಲು ಹತ್ತು ಸಾವಿರ ಲಕ್ಸ್‌ನಷ್ಟಾದರೂ ದಿನಕ್ಕೆ 12–14 ತಾಸು ಬೇಕು. ಕಿಟಕಿಗೆ ಬಿಸಿಲು ಬೀಳದಿದ್ದರೆ ಬಿಳಿ ಎಲ್‌ಇಡಿ ಪಟ್ಟಿಯನ್ನು ಎಲೆಗಳಿಂದ 15–30 ಸೆಂ.ಮೀ. ಎತ್ತರದಲ್ಲಿ ತೂಗಿಬಿಡಿ. ದಂಟು ಸಪೂರವಾಗಿ ನೀಳವಾಗುತ್ತಾ ಒಂದೇ ಕಡೆ ವಾಲಿದರೆ ಬೆಳಕು ಸಾಲುತ್ತಿಲ್ಲವೆಂದೇ ಅರ್ಥ. ಆಗ ಗೊಬ್ಬರ ಹಾಕಿ ಪ್ರಯೋಜನವಿಲ್ಲ.

ಮನೆಯೊಳಗೆ ನಿಜಕ್ಕೂ ತಟ್ಟೆ ತುಂಬುವಷ್ಟು ಬೇಕೆಂದರೆ ತುದಿ, ಬುಡಕ್ಕಿಂತ ಬೀಜವೇ ಮೇಲು. ತಳದಲ್ಲಿ ತೂತಿರುವ ತಟ್ಟೆಗೆ 3–4 ಸೆಂ.ಮೀ. ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಸಮಪಾಲು ತುಂಬಿ, ರಾತ್ರಿಯಿಡೀ ನೆನೆಸಿದ ಮೆಂತ್ಯವನ್ನು ಒತ್ತಾಗಿ ಹರಡಿ, ಎರಡು ದಿನ ಮುಚ್ಚಿಟ್ಟು ಆಮೇಲೆ ಬೆಳಕಿಗಿಡಿ. ಸುಮಾರು ಹತ್ತು ದಿನಕ್ಕೆ ಕೊಯ್ಯಬಹುದು. ಬೀಜ ಮಾತ್ರ ಅಡುಗೆಗೆ ಬಳಸುವ ಡಬ್ಬಿಯದ್ದೇ ಆಗಿರಲಿ. ಬಿತ್ತನೆಗೆಂದು ಬರುವ, ಗುಲಾಬಿಯೋ ನೀಲಿಯೋ ಬಣ್ಣ ಬಳಿದ ಬೀಜಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ. ಅಷ್ಟು ಎಳೆಯದರಲ್ಲಿ ಕೊಯ್ದು ತಿನ್ನಲು ಅದು ಸಲ್ಲದು. ತಟ್ಟೆಯ ಮೇಲೆ ಸಣ್ಣ ಕಪ್ಪು ನೊಣ ಹಾರಾಡತೊಡಗಿದರೆ ನೀರು ಜಾಸ್ತಿಯಾಗಿದೆ ಎಂದು ತಿಳಿಯಿರಿ. ಅದರ ಮರಿಹುಳು ಬದುಕುವುದು ಸದಾ ಒದ್ದೆಯಾಗಿರುವ ಮೇಲ್ಪದರದಲ್ಲಿ. ಮೇಲಿನಿಂದ ಸುರಿಯುವ ಬದಲು ತಟ್ಟೆಯನ್ನು ಹತ್ತು ನಿಮಿಷ ನೀರಿನಲ್ಲಿಟ್ಟು ಕೆಳಗಿನಿಂದ ಕುಡಿಸಿ.

ಇಂಥ ಬರಹಗಳನ್ನು ಇನ್ನು ಮುಂದೆ ಪ್ರಕಟಿಸುವಾಗ ಪ್ರತಿ ಚಿತ್ರದ ಕೆಳಗೆ ಅದು ಎಷ್ಟನೇ ದಿನದ್ದು ಎಂದು ನಮೂದಿಸುವಂತೆ ಲೇಖಕರನ್ನು ಕೇಳಿ. ಕ್ಯಾರೆಟ್ ತುದಿಯ ಚಿತ್ರವಾದರೆ ‘ಸೊಪ್ಪು ಮಾತ್ರ’ ಎಂಬ ಎರಡು ಪದವೂ ಜತೆಗಿರಲಿ.

ಇಂತಿ,
ಒಬ್ಬ ಓದುಗ